ಹಾಲೆಂಡಿನಲ್ಲಿ ಒಂದು ಅಮಾವಾಸ್ಯೆ

ಹಿಂದೂಪುರ

ಇಲ್ಲದ ಮಗ್ಗದ ಮೇಲೆ ನೇಯಲು ನಿಜವಾದ ನೇಕಾರರೊಬ್ಬರು ಬೇಕಾಗಿದ್ದಾರೆ, ಹೋಗಿಬರುವ ಖರ್ಚು ನಮ್ಮದು ಎಂದು ರಜಕ್ಕೆ ಹಿಂದೂಪುರಕ್ಕೆ ಬಂದಿದ್ದ ನನಗೆ ಹಾಲೆಂಡಿನಿಂದ ನನ್ನ ಪ್ರೊಫೆಸರರು ಫ್ಯಾಕ್ಸ್ ಕಳಿಸಿದ್ದರು. ತೊಂಬತ್ತರ ದಶಕದ ನಡುಭಾಗದ ಮಾತಿದು. ನಮ್ಮ ಬೀದಿಗೆಲ್ಲ ಫ್ಯಾಕ್ಸ್ ಇದ್ದದ್ದು ಒಂದು ಎಸ್.ಟಿ.ಡಿ. ಬೂತಿನಲ್ಲಿ. ಬೂತಿನವನು ಅದನ್ನು ನನಗಿಂತ ಮೊದಲೇ ಓದಿ, ತನಗೆ ಅರ್ಥವಾದಷ್ಟನ್ನು ಹತ್ತು ಮನೆಗೆ ಹೇಳಿ, ಆಮೇಲೆ ನನ್ನ ಕೈಗೆ ಕೊಟ್ಟ.

ನಾನು ಹೋದಾಗ ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಅವತ್ತು ಅಮಾವಾಸ್ಯೆ, ನೇಕಾರರ ಬೀದಿಗೆ ತಿಂಗಳಿಗೊಮ್ಮೆ ಬರುವ ರಜ. ದೊಡ್ಡಪ್ಪ ತೀರಿಕೊಂಡ ಮೇಲೆ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಅವನ ಗುಂಡಿಮಗ್ಗಕ್ಕೆ ತಾನೇ ಇಳಿದು ಇಪ್ಪತ್ತು ವರ್ಷ ರೇಷ್ಮೆ ಸೀರೆ ನೇಯ್ದವಳು ಆಕೆ. ನಾನು ಫ್ಯಾಕ್ಸನ್ನು ಕನ್ನಡ ಮಾಡಿ ಹೇಳಿದೆ.

"ಇಲ್ಲದಿರೋ ಮಗ್ಗ ಅಂದ್ರೆ ಏನಮ್ಮ?"

"ತಲೆಗೆ ಒಂದು ಟೋಪಿ ಹಾಕ್ತಾರೆ ದೊಡ್ಡಮ್ಮ. ಅದರೊಳಗೆ ಕಣ್ಣಿಗೊಂದೊಂದು ಪುಟ್ಟ ಟೀವಿ. ಹಾಕ್ಕೊಂಡರೆ ಎದುರಿಗೆ ಮಗ್ಗ ಇರೋ ಹಾಗೇ ಕಾಣುತ್ತೆ."

"ಟೋಪಿ ತೆಗುದ್ರೆ?"

"ಇರಲ್ಲ."

ದೊಡ್ಡಮ್ಮ ಎರಡು ಕಾಳು ಬಾಯಿಗೆ ಹಾಕಿಕೊಂಡು ಯೋಚಿಸಿದಳು. "ಇದುಕ್ಕಾ ಕಣಮ್ಮ ನೀನು ಇಷ್ಟ್ ವರ್ಸ ಓದಿದ್ದು?"

ಉತ್ತರ ಕೊಡುವುದು ಕಷ್ಟವೇ. ಮನುಷ್ಯನಿಗೂ ಕಂಪ್ಯೂಟರಿಗೂ ಹೊಂದಾಣಿಕೆ ಮಾಡಿಸುವುದು ನನ್ನ ವಿದ್ಯೆ, ಸೋದರತ್ತೆ ಸಂಬಂಧ ಕುದುರಿಸಿದ ಹಾಗೆ. ನನ್ನ ತಂದೆ ಚಿಕ್ಕಂದಿನಲ್ಲೇ ಮಗ್ಗ ಬಿಟ್ಟು, ಓದಿ, ಕಲ್ಯಾಣದುರ್ಗದಲ್ಲಿ ಸ್ಕೂಲು ಮೇಷ್ಟ್ರಾದವರು. ರಜಕ್ಕೆ ಹಿಂದೂಪುರಕ್ಕೆ ಬಂದಾಗಲೆಲ್ಲ "ಆ ಗುಂಡಿಗೆ ಮಾತ್ರ ಕಾಲಿಳಿಬಿಡಬೇಡ, ಒಮ್ಮೆ ಇಳಿದರೆ ಮೇಲೆ ಬರೋಕಾಗಲ್ಲ" ಎಂದು ನನಗೆ ತಾಕೀತು ಮಾಡುತ್ತಿದ್ದರು. ನಾನು ಗುಂಡಿಯ ಅಂಚಿನಲ್ಲಿ ಕೂತು ನೋಡಿದ್ದಷ್ಟೇ. ಆಮೇಲೆ ಹಾಲೆಂಡಿಗೆ ಹೋಗಿ, ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ "ನೇಕಾರರ ಮನೆತನದವಳು" ಎಂದು ಬರೆದುಕೊಂಡೆ. ಅದು ಸುಳ್ಳಲ್ಲ. ಆದರೆ ಆ ಒಂದು ಸಾಲಿನಿಂದಲೇ ನನಗೆ ಸೀಟು ಸಿಕ್ಕಿತ್ತು.

ಈಗ ಆ ಸ್ಕಾಲರ್‌ಶಿಪ್ಪಿನ ವರ್ಷ ಮುಗಿಯುತ್ತ ಬಂದಿತ್ತು. ಹಣ ಕೊಡುವ ಸಂಸ್ಥೆಯವರು ಲ್ಯಾಬಿಗೆ ಬರುವವರಿದ್ದರು. ನಿಜವಾದ ನೇಕಾರಳೊಬ್ಬಳು ನಮ್ಮ ಮಗ್ಗದಲ್ಲಿ ನೇಯುವುದನ್ನು ನೋಡಿ ಮೆಚ್ಚಿದರೆ ಇನ್ನೆರಡು ವರ್ಷ, ಡಾಕ್ಟರೇಟು, ಎಲ್ಲ. ಮೆಚ್ಚದಿದ್ದರೆ ಗಂಟುಮೂಟೆ ಕಟ್ಟಿ ಕಲ್ಯಾಣದುರ್ಗ. ಇಷ್ಟನ್ನೂ ಬಿಚ್ಚಿ ಹೇಳಿದೆ.

"ಹಂಗಾದ್ರೆ ಬತ್ತೀನಿ ಬಿಡು. ನಿನ್ ಸಲುವಾಗಿ ಬತ್ತೀನಿ, ಟೋಪಿ ಸಲುವಾಗಲ್ಲ," ಎಂದಳು ದೊಡ್ಡಮ್ಮ.

ಬೊಂಬಾಯಿ

ಪಾಸ್‌ಪೋರ್ಟು, ವೀಸಾ ಎಂದು ಎರಡು ತಿಂಗಳಾಯಿತು. ಬೊಂಬಾಯಿಯ ಏರ್‌ಪೋರ್ಟಿನಲ್ಲಿ ದೊಡ್ಡಮ್ಮನ ಕೈಚೀಲವನ್ನು ಮಿಷನ್ನಿನೊಳಗೆ ಬಿಟ್ಟ ಕೂಡಲೇ ಇಬ್ಬರು ಪೊಲೀಸರು ಬಂದರು. ಚೀಲದಲ್ಲಿ ರಾಗಿಹಿಟ್ಟು, ಊರಗಾಯಿ, ಮೂರು ಸೇರು ಕಡಲೆಕಾಯಿ, ಒಂದು ಕ್ಯಾಲೆಂಡರು, ಮತ್ತು ಎರಡೂ ತುದಿಗೆ ಕೊಂಬಿನ ಚೂಪು ಮೊನೆಯಿದ್ದ ಲಾಳಿ.

"ಏನಿದು?"

"ಮಗ್ಗದಲ್ಲಿ ನೂಲು ಎಳ್ಕೊಂಡ್ ಹೋಗೋದು ಕಣಪ್ಪ," ಎಂದು ದೊಡ್ಡಮ್ಮ ಕನ್ನಡದಲ್ಲಿ ಹೇಳಿ, ಅವನಿಗೆ ತಿಳಿಯಲಿಲ್ಲವೆಂದು ತೆಲುಗಿನಲ್ಲೂ ಹೇಳಿ, ಅದೂ ತಿಳಿಯದ್ದರಿಂದ ಮಾಡಿಯೇ ತೋರಿಸಿದಳು. ಲಾಳಿ ಆ ಉದ್ದನೆಯ ಸ್ಟೀಲಿನ ಮೇಜಿನ ಮೇಲೆ ಸರ್ರನೆ ಜಾರಿ, ಆ ತುದಿಯಲ್ಲಿ ಬೆಲ್ಟು ಬಿಚ್ಚುತ್ತಿದ್ದ ಅರಬ್ಬಿ ಶೇಖನೊಬ್ಬನ ಹೊಟ್ಟೆಗೆ ತಗುಲಿ ನಿಂತಿತು. ಮುಂದಿನ ಅರ್ಧ ಗಂಟೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಲಾಳಿಯನ್ನು ವಿಮಾನದ ಸಿಬ್ಬಂದಿಯ ವಶಕ್ಕೆ ಕೊಟ್ಟು ಹತ್ತಿದೆವು.

"ಮನೇಲೇ ಬಿಟ್ಟು ಬರಬಾರದಿತ್ತಾ?" ಎಂದು ರೇಗಿದೆ.

"ಬರಿಗೈಲಿ ಯಾರಾದ್ರೂ ಕೆಲ್ಸಕ್ಕೆ ಹೋಯ್ತಾರಾ?" ಎಂದು ದೊಡ್ಡಮ್ಮ ಕಿಟಕಿಯ ಕಡೆ ತಿರುಗಿದಳು.

ಲ್ಯಾಬು

ಹಾಲೆಂಡಿನಲ್ಲಿ ಪ್ರೊಫೆಸರರನ್ನು ಹೆಸರು ಹಿಡಿದು ಕರೆಯಬೇಕು. ನನ್ನ ಪ್ರೊಫೆಸರರ ಹೆಸರು ವಿಲ್ಲೆಮ್. ಅರವತ್ತರ ಹತ್ತಿರದವರು, ಆರಡಿ ಮೂರಂಗುಲ. ಕಲ್ಯಾಣದುರ್ಗದ ಮೇಷ್ಟ್ರ ಮಗಳಾದ ನಾನು ಒಂದು ವರ್ಷವಿಡೀ ಅವರನ್ನು ಏನೂ ಕರೆಯದೆ, ಅವರೇ ನನ್ನ ಕಡೆ ನೋಡುವ ತನಕ ಕೆಮ್ಮುತ್ತಾ ಕಾಲ ಹಾಕಿದ್ದೆ. ದೊಡ್ಡಮ್ಮ ಮೊದಲ ದಿನವೇ "ಅಯ್ಯವಾರೇ" ಎಂದು ಕೈಮುಗಿದಳು. ನಮ್ಮ ಕಡೆ ತೆಲುಗಿನಲ್ಲಿ ಮೇಷ್ಟ್ರನ್ನು ಕರೆಯುವುದು ಹಾಗೆಯೇ. ಅವರಿಗೆ ಅದು ಬಹಳ ಹಿಡಿಸಿತು. ಆಮೇಲೆ ನಾನೂ ಹಾಗೇ ಕರೆದು ಪಾರಾದೆ.

ಕಾಫಿ ಬಂತು, ಬಿಸ್ಕತ್ತಿನ ಡಬ್ಬಿಯೂ ಬಂತು. ಅಲ್ಲಿಯ ಪದ್ಧತಿ ಹೇಗೆಂದರೆ, ಡಬ್ಬಿ ನಿಮ್ಮ ಮುಂದೆ ಬರುತ್ತದೆ, ನೀವು ಒಂದು ತೆಗೆದುಕೊಳ್ಳುತ್ತೀರಿ, ಡಬ್ಬಿ ಮುಚ್ಚಿಕೊಳ್ಳುತ್ತದೆ, ಬೀರುವಿಗೆ ಹೋಗುತ್ತದೆ. ದೊಡ್ಡಮ್ಮ ಬೀರುವನ್ನೇ ನೋಡುತ್ತಾ ನನ್ನ ಕಿವಿಯಲ್ಲಿ ಕೇಳಿದಳು: "ಡಬ್ಬಿ ಒಳಗಿಟ್ಬುಟ್ರಲ್ಲ ಕಣಮ್ಮ, ಇಲಿಕಾಟ ಜಾಸ್ತಿನಾ ಇಲ್ಲಿ?"

ಮಗ್ಗ ಮಾಡಿದವನು ಪೀಟರ್ ಎಂಬ ಪ್ರೋಗ್ರಾಮರು. ಫ್ರಿಜ್ಜಿನಷ್ಟು ದೊಡ್ಡ ಕಂಪ್ಯೂಟರು, ಅದರಿಂದ ಹೊರಟ ಹೆಬ್ಬೆರಳು ದಪ್ಪದ ಕೇಬಲ್ಲು, ಅದರ ತುದಿಗೆ ಟೋಪಿ. ಕೈಗೆ ವೈರುಗಳಿದ್ದ ಕಪ್ಪು ಗ್ಲೌಸು. ಟೋಪಿ ಹಾಕಿಕೊಂಡು ದೊಡ್ಡಮ್ಮ ಕತ್ತು ತಿರುಗಿಸಿದಳು. ಆ ಕಾಲದ ಯಂತ್ರ. ಚಿತ್ರ ಬರುವುದು ಸ್ವಲ್ಪ ತಡವಾಗುತ್ತಿತ್ತು.

"ಏನು ಕಾಣಿಸ್ತಿದೆ?" ಎಂದು ಪ್ರೊಫೆಸರರು ನನ್ನ ಮೂಲಕ ಕೇಳಿದರು.

"ನಾನು ಆಗ್ಲೇ ಈ ಕಡೆ ತಿರುಗ್ದೆ. ಮನೆ ಇನ್ನೂ ತಿರುಗ್ತಾ ಐತೆ," ಎಂದಳು.

ನಮ್ಮ ಮೂವರ ಒಂದು ವರ್ಷದ ತಲೆನೋವನ್ನು ಅಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಪೀಟರ್ ಅದನ್ನು ಬರೆದುಕೊಂಡ.

ಇನ್ನೊಂದು ತೊಂದರೆ ಬೇರೆ. ದೊಡ್ಡಮ್ಮ ಹತ್ತಿರ ಬಂದರೆ ಟೋಪಿಯೊಳಗಿನ ಮಗ್ಗ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಕೈ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಯುವುದು ಒಂದು ಅಯಸ್ಕಾಂತದಿಂದ. ಹತ್ತಿರ ಲೋಹವಿದ್ದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಎರಡು ದಿನ ಪೀಟರ್ ಕುರ್ಚಿ ಮೇಜುಗಳನ್ನೆಲ್ಲ ಹೊರಗೆ ಹಾಕಿದ. ಪ್ರೊಫೆಸರರು ತಮ್ಮ ಹಲ್ಲಿನ ಸೆಟ್ಟಿನ ಮೇಲೂ ಅನುಮಾನಪಟ್ಟರು. ಮೂರನೆಯ ದಿನ ದೊಡ್ಡಮ್ಮ ಕರವಸ್ತ್ರಕ್ಕೆಂದು ಸೊಂಟಕ್ಕೆ ಕೈ ಹಾಕಿದಾಗ ಗೊಂಚಲು ಝಲ್ಲೆಂದಿತು: ಹಿಂದೂಪುರದ ಮನೆಯ ಬೀಗದಕೈ, ಬೀರುವಿನದು, ಟ್ರಂಕಿನದು, ಬಚ್ಚಲಿನದು, ದೊಡ್ಡಪ್ಪನ ಕಾಲದ ಯಾವುದೋ ಬೀಗದ್ದು. ತೆಗೆದಿಡು ಎಂದರೆ ಒಪ್ಪಲಿಲ್ಲ. ಕೊನೆಗೆ ಪ್ರೊಫೆಸರರೇ ಆ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಡಿ ದೂರದಲ್ಲಿ, ಆಕೆಗೆ ಕಾಣುವ ಹಾಗೆ ನಿಂತುಕೊಂಡರು.

ಎಲ್ಲ ಸರಿಹೋದ ಮೇಲೆ ದೊಡ್ಡಮ್ಮ ಟೋಪಿಯೊಳಗಿನಿಂದ ಕೇಳಿದಳು: "ಕೈಯೇನೋ ಕಾಣ್ತಾವೆ. ಕಾಲೆಲ್ಲಿ?"

ಕಾಲು ಮಾಡಿರಲಿಲ್ಲ. ಮಗ್ಗದಲ್ಲಿ ಅರ್ಧ ಕೆಲಸ ಕಾಲಿನದು. ಗುಂಡಿಯೊಳಗೆ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿದರೇ ಉದ್ದಕ್ಕೆ ಬಿಗಿದ ಹಾಸಿನ ನೂಲು ಬಾಯಿಬಿಟ್ಟು ಲಾಳಿಗೆ ದಾರಿ ಕೊಡುವುದು. ಅದು ಮೂರು ಜನ ವಿದ್ಯಾವಂತರಿಗೂ ಹೊಳೆದಿರಲಿಲ್ಲ. ನನಗೆ ಹೊಳೆಯಬೇಕಿತ್ತು. ನಾನು ಗುಂಡಿಯ ಅಂಚಿನಲ್ಲಿ ಕೂತು ನೋಡಿದ್ದು ಬರೀ ಕೈಯನ್ನು.

ಅವತ್ತಿನ ಪ್ರಶ್ನಾವಳಿ ತುಂಬಿದೆವು. "ನೀವು ನಿಜವಾದ ಮಗ್ಗದ ಮುಂದೆ ಇದ್ದೀರಿ ಎಂದು ಎಷ್ಟರಮಟ್ಟಿಗೆ ಅನಿಸಿತು? ಒಂದರಿಂದ ಏಳರೊಳಗೆ ಹೇಳಿ."

"ಒಂದು."

"ಸ್ವಲ್ಪ ಯೋಚನೆ ಮಾಡಿ ಹೇಳು ದೊಡ್ಡಮ್ಮ."

"ಒಂದಕ್ಕಿಂತ ಕಮ್ಮಿ ಇಲ್ವಾ?"

ಭಾನುವಾರ

ಹಾಲೆಂಡಿನ ಭಾನುವಾರ ಕರ್ಫ್ಯೂ ಇದ್ದಂತೆ. ಅಂಗಡಿಯಿಲ್ಲ, ಲ್ಯಾಬಿಗೆ ಬೀಗ. ದೊಡ್ಡಮ್ಮನಿಗೆ ಕೈಕಟ್ಟಿ ಕೂತು ಬೇಸರವಾಗಿ, ಇಬ್ಬರೂ ನಡೆಯುತ್ತಾ ಹೊರಟೆವು. ಆ ದೇಶದಲ್ಲಿ ಮನೆಗಳ ಕಿಟಕಿಗೆ ಪರದೆ ಎಳೆಯುವುದಿಲ್ಲ. ಒಳಗೆ ಕೂತವರು, ಅವರ ದೀಪ, ಅವರ ಬೆಕ್ಕು ಎಲ್ಲ ಬೀದಿಗೇ ಕಾಣುತ್ತದೆ, ಆದರೆ ನೋಡಬಾರದು. ನಮ್ಮಲ್ಲಿ ಬಾಗಿಲಿಗೆ ಪರದೆ ಇರುತ್ತದೆ, ಅದನ್ನು ಸರಿಸಿ ಎಲ್ಲರೂ ನೋಡುತ್ತಾರೆ. ದೊಡ್ಡಮ್ಮ ಪ್ರತಿ ಕಿಟಕಿಯ ಮುಂದೆಯೂ ನಿಂತು, "ಊಟ ಆಯ್ತಾ?" ಎಂದು ಕೈಸನ್ನೆ ಮಾಡುತ್ತಾ ಬಂದಳು. ಎರಡು ಮನೆಯವರು ಗಾಬರಿಯಾದರು, ಒಬ್ಬ ಮುದುಕ ಎದ್ದು ಬಂದು ತಟ್ಟೆ ತೋರಿಸಿದ.

ದಾರಿಯಲ್ಲಿ ಪೀಟರ್ ಮನೆಯ ಮುಂದೆ ಸೈಕಲ್ಲು ತೊಳೆಯುತ್ತಿದ್ದ. "ಒಂದು ಗಳಿಗೆ ಬಂದು ಬಾಗ್ಲು ತೆಗಿ ಅನ್ನು, ಆ ಕಾಲಿನ ವಿಷ್ಯ ನೋಡಾಣ," ಎಂದಳು ದೊಡ್ಡಮ್ಮ. ನಾನು ಹೇಳಿದೆ. ಪೀಟರ್ ಬಹಳ ಪ್ರೀತಿಯಿಂದ ನಕ್ಕು, "ಇವತ್ತು ಭಾನುವಾರ," ಎಂದ. ಅಷ್ಟೇ, ಅದೇ ಪೂರ್ತಿ ಉತ್ತರ.

ದೊಡ್ಡಮ್ಮ "ಓ, ಸರೇ" ಎಂದು ತಲೆಯಾಡಿಸಿ ಮುಂದೆ ನಡೆದಳು. ನಾನೂ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಹಲಗೆ ಬಂದ ಮೇಲೆ

ಸೋಮವಾರ ಪೀಟರ್ ಎರಡು ಮರದ ಹಲಗೆಗೆ ಸ್ಪ್ರಿಂಗು ಹಾಕಿ, ಕೆಳಗೆ ಮನೆಬಾಗಿಲ ಕರೆಗಂಟೆಯ ಸ್ವಿಚ್ಚು ಕೂರಿಸಿದ. ದೊಡ್ಡಮ್ಮ ಚಪ್ಪಲಿ ಬಿಟ್ಟು, ಬಗ್ಗಿ, ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಏನೋ ಬಿದ್ದುಹೋಯಿತೆಂದುಕೊಂಡು ಪೀಟರೂ ಬಗ್ಗಿ ಹುಡುಕಿದ. ಪ್ರೊಫೆಸರರು ಮಾತ್ರ ಅರ್ಥ ಮಾಡಿಕೊಂಡು ನನ್ನ ಭುಜ ಹಿಡಿದರು. "ನೋಡಿದೆಯಾ? ಆಕೆ ಅದಕ್ಕೆ ನಮಸ್ಕಾರ ಮಾಡಿದಳು."

ಗ್ಲೌಸು ಹಾಕಿದ ಕೈಯಲ್ಲಿ ತನ್ನದೇ ಲಾಳಿ ಹಿಡಿದು ದೊಡ್ಡಮ್ಮ ತುಳಿಯತೊಡಗಿದಳು. ಒಳಗಿನ ಮಗ್ಗದಲ್ಲಿ ಕೆಂಪು ಬಟ್ಟೆ ಬೆರಳು ಬೆರಳಷ್ಟೇ ಬೆಳೆಯಿತು. ಗೋಡೆಯ ಪರದೆಯಲ್ಲಿ ಅದನ್ನು ನೋಡುತ್ತಿದ್ದ ನನಗೆ, ಹೇಳಲು ನಾಚಿಕೆಯಿಲ್ಲ, ಕಣ್ಣು ತುಂಬಿ ಬಂತು. ಇನ್ನೆರಡು ವರ್ಷ ಸಿಕ್ಕೇ ಸಿಗುತ್ತದೆ ಎಂದು ಆ ಸಂಜೆ ಕಲ್ಯಾಣದುರ್ಗಕ್ಕೆ ಫೋನು ಮಾಡಿ ಅಪ್ಪನಿಗೂ ಹೇಳಿಬಿಟ್ಟೆ. ಪ್ರಶ್ನಾವಳಿಯಲ್ಲಿ ಮಾತ್ರ ದೊಡ್ಡಮ್ಮನದು ಆಗಲೂ ಒಂದೇ.

ಎರಡು ಪಂಚಾಂಗ

ಹಣ ಕೊಡುವವರು ಬರುವುದು ಬುಧವಾರ ಹತ್ತು ಗಂಟೆಗೆ. ಹಿಂದಿನ ವಾರ ಅದನ್ನು ದೊಡ್ಡಮ್ಮನಿಗೆ ಹೇಳಿದೆ. ಅವಳು ಎದ್ದು ಗೋಡೆಗೆ ತಗುಲಿಹಾಕಿದ್ದ ತನ್ನ ಕ್ಯಾಲೆಂಡರಿನ ಹತ್ತಿರ ಹೋಗಿ, ಒಂದು ಚೌಕದ ಮೇಲೆ ಬೆರಳಿಟ್ಟಳು. ಚೌಕದ ಮೂಲೆಯಲ್ಲಿ ಕಪ್ಪು ಗುಂಡು.

"ಬುಧವಾರ ಆಗಾಕಿಲ್ಲ ಕಣಮ್ಮ. ಅಮಾಸೆ."

ಮೊದಲು ನಕ್ಕೆ. ಆಮೇಲೆ ಅವಳ ಮುಖ ನೋಡಿದೆ. ನಗು ನಿಂತಿತು.

"ದೊಡ್ಡಮ್ಮ, ಅದು ಮಗ್ಗ ಅಲ್ಲ. ಬರೀ ಬೆಳಕು."

"ಹಂಗಂತ ಆ ಬರೋರಿಗೆ ಹೇಳ್ತೀಯಾ?"

ಹೇಗೆ ಹೇಳಲಿ? ಅದು ಮಗ್ಗವೇ ಎಂದು ತೋರಿಸುವುದಕ್ಕಲ್ಲವೇ ನಾನು ಒಂದು ವರ್ಷ ಅವರ ಅನ್ನ ತಿಂದದ್ದು. ಊರಿನಲ್ಲಿ ಮಧ್ಯಾಹ್ನಕ್ಕೆ ಅಮಾವಾಸ್ಯೆ ಬಿಟ್ಟುಹೋಗುತ್ತದೆ, ಇಲ್ಲಿಯ ಗಡಿಯಾರದಲ್ಲಿ ಅದು ಬೆಳಗ್ಗೆಯೇ, ಹತ್ತು ಗಂಟೆಗೆ ಮೊದಲೇ ಎಂದು ಲೆಕ್ಕ ಹಾಕಿ ತೋರಿಸಿದೆ. ಅವಳು ಆ ಚೀಟಿಯ ಮೇಲೆ ಕಡಲೆಕಾಯಿ ಸಿಪ್ಪೆ ಸುರಿದಳು.

ಪ್ರೊಫೆಸರರ ಹತ್ತಿರ ಓಡಿದೆ, ದಿನ ಬದಲಾಯಿಸಿ ಎಂದೆ. ಅವರು ಜೇಬಿನಿಂದ ಕಪ್ಪು ಡೈರಿ ತೆಗೆದರು. ಹಾಲೆಂಡಿನಲ್ಲಿ ಆ ಡೈರಿಯಿಲ್ಲದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಮಗಳು ತಾಯಿಯನ್ನು ನೋಡಲು ಬರುವುದೂ ಅದರಲ್ಲಿ ಬರೆದ ಮೇಲೆಯೇ. ಅವರು ಹಾಳೆ ತಿರುವಿದರು, ಮೂವರಿಗೆ ಫೋನು ಮಾಡಿದರು, ಆ ಮೂವರೂ ತಮ್ಮ ತಮ್ಮ ಡೈರಿ ತಿರುವಿದರು. ಎಲ್ಲರಿಗೂ ಬಿಡುವಿರುವ ಮುಂದಿನ ದಿನ ಮೂರು ತಿಂಗಳ ಆಚೆಗಿತ್ತು. "ಬರೆದಾಗಿದೆ, ಏನು ಮಾಡೋದು?" ಎಂದು ಪ್ರೊಫೆಸರರು ದೈವಭಕ್ತರ ದನಿಯಲ್ಲಿ ಹೇಳಿದರು. ಎರಡು ಪಂಚಾಂಗಗಳ ನಡುವೆ ಸಿಕ್ಕಿಬಿದ್ದವಳು ನಾನು.

ಪೀಟರ್ ತನಗೆ ತಿಳಿದ ಪರಿಹಾರ ಮಾಡಿದ. ಮಂಗಳವಾರ ದೊಡ್ಡಮ್ಮನಿಗೆ ಟೋಪಿ ಹಾಕಿಸಿ, ಮಗ್ಗದ ಪಕ್ಕ ಹೊಸದಾಗಿ ಮಾಡಿದ್ದ ಕಿಟಕಿ ತೋರಿಸಿದ. ಕಿಟಕಿಯ ಆಚೆ ತುಂಬು ಹುಣ್ಣಿಮೆಯ ಚಂದ್ರ.

"ಚಂದ್ರ ಚೆನ್ನಾಗವ್ನೆ," ಎಂದಳು ದೊಡ್ಡಮ್ಮ. "ಕ್ಯಾಲೆಂಡ್ರಲ್ಲಿ ಮಾತ್ರ ಇಲ್ವಲ್ಲಪ್ಪ."

ಬುಧವಾರ

ಮೂವರು ಬಂದರು, ಇಬ್ಬರು ಗಂಡಸರು, ಒಬ್ಬ ಹೆಂಗಸು. ಕಾಫಿಯಾಯಿತು, ಒಂದೊಂದು ಬಿಸ್ಕತ್ತಾಯಿತು, ಡಬ್ಬಿ ಬೀರುವಿಗೆ ಹೋಯಿತು. ದೊಡ್ಡಮ್ಮ ಒಳ್ಳೆಯ ಸೀರೆಯುಟ್ಟು, ಕುರ್ಚಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಕಡಲೆಕಾಯಿ ಹಾಕಿಕೊಂಡು ಕೂತಿದ್ದಳು, ಹಿಂದೂಪುರದ ಜಗಲಿಯಲ್ಲಿ ಹೇಗೋ ಹಾಗೇ. ನಾನು ಬಗ್ಗಿ ಕೊನೆಯ ಸಲ ಬೇಡಿಕೊಂಡೆ.

"ಹತ್ತೇ ನಿಮಿಷ ದೊಡ್ಡಮ್ಮ. ನನ್ನ ಎರಡು ವರ್ಷ ಇದರ ಮೇಲಿದೆ."

"ನೀನೇ ಕೂತ್ಕೋ. ನಿಂಗೇನಡ್ಡಿ? ನೀನು ನೇಯೋಳಲ್ವಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ನಿಜವಾಗಿ, ಮನಸ್ಸು ಬಿಚ್ಚಿ, ಅನುಮತಿ ಕೊಟ್ಟಳು. ನನ್ನ ಅರ್ಜಿಯಲ್ಲಿದ್ದ ಆ ಒಂದು ಸಾಲು ಕಿತ್ತುಹೋಯಿತು.

ಟೋಪಿ ಹಾಕಿಕೊಂಡು ಕೂತೆ. ಪೀಟರ್ ಚಂದ್ರನನ್ನು ತೆಗೆಯಲು ಮರೆತಿದ್ದ. ಬಲಗಾಲು ತುಳಿಯುವಾಗ ಎಡಗಾಲು ತುಳಿದೆ, ಲಾಳಿ ಅರ್ಧ ದಾರಿಯಲ್ಲೇ ನಿಂತಿತು, ನೂಲು ಕಡಿಯಿತು. ತಪ್ಪು ತುಳಿದರೆ ಕಡಿಯುವಂತೆ ಪೀಟರ್ ಕೈಲಿ ಮಾಡಿಸಿದ್ದವಳು ನಾನೇ, ನೈಜತೆಗಾಗಿ. ಐದು ನಿಮಿಷಕ್ಕೆ ನೋಡುವವರಲ್ಲಿ ಒಬ್ಬ ಗಡಿಯಾರ ನೋಡಿದ್ದು ಟೋಪಿಯೊಳಗಿದ್ದ ನನಗೂ ತಿಳಿಯಿತು. ಎಲ್ಲ ಮುಗಿಯಿತು ಎಂದುಕೊಂಡು ಟೋಪಿ ತೆಗೆದೆ.

ಆಗ ಆ ಹೆಂಗಸು ಕೇಳಿದಳು: "ಆ ಅಮ್ಮ ಯಾಕೆ ನೇಯುತ್ತಿಲ್ಲ?"

ಪ್ರೊಫೆಸರರು ಸಂಕೋಚದಿಂದ ಹೇಳಿದರು, ಇವತ್ತು ಅಮಾವಾಸ್ಯೆ, ಅವರ ನೇಕಾರರು ಈ ದಿನ ಮಗ್ಗ ಮುಟ್ಟುವುದಿಲ್ಲ ಎಂದು.

"ಆದರೆ ಅಲ್ಲಿ ಮಗ್ಗವೇ ಇಲ್ಲ. ಅದು ಆಕೆಗೆ ಗೊತ್ತಲ್ಲವೇ?"

"ಚೆನ್ನಾಗಿ ಗೊತ್ತು."

"ಆದರೂ ಮುಟ್ಟುವುದಿಲ್ಲವೇ?"

ದೊಡ್ಡಮ್ಮ ಇನ್ನೊಂದು ಕಡಲೆಕಾಯಿ ಒಡೆದಳು. ಗಡಿಯಾರ ನೋಡುತ್ತಿದ್ದವನು ಕೈ ಇಳಿಸಿದ. ಹಲಗೆಗೆ ನಮಸ್ಕಾರ ಮಾಡಿದ ವಿಷಯವನ್ನು ಪ್ರೊಫೆಸರರು ಈಗ ತೆಗೆದರು, ಅವರ ದನಿ ಏರುತ್ತಾ ಹೋಯಿತು. ಯಾವ ಪ್ರಶ್ನಾವಳಿಯ ಏಳೂ ಇದಕ್ಕೆ ಸಮವಲ್ಲ! ಬಾಯಿ ಒಂದು ಎನ್ನುತ್ತದೆ, ಮೈ ಮಾತ್ರ ಮಗ್ಗವೆಂದೇ ನಂಬಿದೆ! ಇಷ್ಟು ನಿಜವಾದ ಇಲ್ಲದ ವಸ್ತುವನ್ನು ಈ ತನಕ ಯಾರೂ ಮಾಡಿರಲಾರರು! ಮೂವರೂ ಎದ್ದು ಬಂದು ದೊಡ್ಡಮ್ಮನ ಕೈ ಕುಲುಕಿದರು. ಅವಳು ಮೂವರಿಗೂ ಒಂದೊಂದು ಹಿಡಿ ಕಡಲೆಕಾಯಿ ಕೊಟ್ಟಳು. ಡಬ್ಬಿ ಮುಚ್ಚುವ ಪದ್ಧತಿ ಅವಳಲ್ಲಿರಲಿಲ್ಲ.

ಎರಡು ವರ್ಷಕ್ಕೆ ಅಲ್ಲೇ ಸಹಿಯಾಯಿತು. ಶುಕ್ರವಾರದೊಳಗೆ ಪ್ರಬಂಧ ಬರೆದು ಕಳಿಸಿದೆವು, ನೇಕಾರಳ ನಿರಾಕರಣೆಯೇ ನಮ್ಮ ಮಗ್ಗದ ನೈಜತೆಗೆ ಪುರಾವೆ ಎಂದು. ದೊಡ್ಡಮ್ಮನನ್ನೇ ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಮನುಷ್ಯರನ್ನು ಕೇಳಿ ತಿಳಿಯುವುದೇ ನನ್ನ ವಿದ್ಯೆ ಎಂದು ಮೇಲೆ ಹೇಳಿದ್ದೆನೋ ಇಲ್ಲವೋ, ಈಗ ಹೇಳುತ್ತಿದ್ದೇನೆ.

ವಿಮಾನ ಹೊರಡುವ ಮುಂಚೆ

ಶನಿವಾರ ದೊಡ್ಡಮ್ಮನನ್ನು ಕಳಿಸಲು ಏರ್‌ಪೋರ್ಟಿಗೆ ಹೋದೆ. ಲಾಳಿಯನ್ನು ಈ ಸಲ ಟ್ರಂಕಿನಲ್ಲಿ ಹಾಕಿದ್ದೆವು. ಕೊನೆಯ ಪ್ರಶ್ನಾವಳಿ ಬಾಕಿಯಿತ್ತು. ಬೆಂಚಿನ ಮೇಲೆ ಕೂತು ತೆಗೆದೆ. ಒಂದು, ಒಂದು, ಒಂದು. ನನಗೆ ತಡೆಯಲಾಗಲಿಲ್ಲ.

"ಇಷ್ಟೂ ಸುಳ್ಳು ಅಂದ್ಮೇಲೆ ಬುಧವಾರ ಯಾಕೆ ಕೂರಲಿಲ್ಲ? ಅದು ಮಗ್ಗ ಅಂತ ತಾನೆ?"

ದೊಡ್ಡಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಮಗ್ಗಕ್ಕೆಲ್ಲೈತೆ ಅಮಾಸೆ? ಮಗ್ಗ ಮರ ಕಣಮ್ಮ, ಮರಕ್ಕೇನು ದಣಿವು. ಅಮಾಸೆ ನಂದು. ತಿಂಗಳಿಗೊಂದಿನ. ನಮ್ಮತ್ತೆ ಬೈದ್ರೂ ಕೂರ್ಲಿಲ್ಲ, ನೂಲು ಕೊಡೋ ಸಾವ್ಕಾರ ಮುನಿಸ್ಕೊಂಡ್ರೂ ಕೂರ್ಲಿಲ್ಲ. ನಿಮ್ ಟೋಪಿಗೆ ಕೂರ್ತೀನಾ?"

"ಹಲಗೆಗೆ ನಮಸ್ಕಾರ ಮಾಡಿದೆಯಲ್ಲ?"

"ಚಿಲಮತ್ತೂರು ಬಸ್ ಹತ್ತೋವಾಗ್ಲೂ ಮಾಡ್ತೀನಿ."

ಅವಳು ಸೊಂಟದ ಗೊಂಚಲು ಸರಿಮಾಡಿಕೊಂಡು ಎದ್ದಳು.

"ಭಾನುವಾರ ಆ ಪೀಟರಪ್ಪ ಬರ್ಲಿಲ್ವಲ್ಲ. ಅವನ ಮಿಷನ್ನು ನಿಜವಾ ಸುಳ್ಳಾ ಅಂತ ಅವತ್ತು ನೀವ್ ಯಾರಾದ್ರೂ ಕೇಳಿದ್ರಾ? ಸರಿ, ಹೋಯ್ತೀನಿ ಕಣಮ್ಮ. ಹೊತ್ತಿಗೆ ಸರ್ಯಾಗಿ ಉಣ್ಣು," ಎಂದು ಹೇಳಿ ಒಳಗೆ ಹೋದಳು.

ಸೋಮವಾರ

ಇದನ್ನು ಹೇಳಿಬಿಡಬೇಕೆಂದು ಸೋಮವಾರ ಪ್ರೊಫೆಸರರ ಬಾಗಿಲಿಗೆ ಹೋದೆ. ಪ್ರಬಂಧ ಹಿಂದಕ್ಕೆ ತರಿಸಬೇಕು. ತರಿಸಿದರೆ ಸಹಿಯಾದ ಎರಡು ವರ್ಷದ ಗತಿ ಏನೋ. "ಅಯ್ಯವಾರೇ, ಒಂದು ಮುಖ್ಯವಾದ ವಿಷಯ," ಎಂದೆ. ಅವರು ಆತುರದಲ್ಲಿದ್ದರು. ಮುಖ್ಯವಾದದ್ದಾದರೆ ಪುರಸೊತ್ತಾಗಿ ಕೂತೇ ಮಾತಾಡಬೇಕು ಎಂದು ಡೈರಿ ತೆಗೆದರು. ಮುಂದಿನ ತಿಂಗಳು ಒಂದು ಗುರುವಾರ ಖಾಲಿ ಸಿಕ್ಕಿತು.

ಕೋಣೆಗೆ ಬಂದೆ. ದೊಡ್ಡಮ್ಮ ಕ್ಯಾಲೆಂಡರನ್ನು ಗೋಡೆಯ ಮೇಲೇ ಬಿಟ್ಟುಹೋಗಿದ್ದಳು. ಹಾಳೆ ತಿರುವಿ ಆ ಗುರುವಾರವನ್ನು ಹುಡುಕಿದೆ. ಚೌಕದ ಮೂಲೆಯಲ್ಲಿ ಕಪ್ಪು ಗುಂಡು.

ಮರುದಿನ ಹೋಗಿ, ಆ ದಿನ ಬರಲಾಗುವುದಿಲ್ಲ, ನಮ್ಮ ಕಡೆ ಅವತ್ತು ಅಮಾವಾಸ್ಯೆ ಎಂದೆ. ಪ್ರೊಫೆಸರರು ಎದ್ದು ನಿಂತು, ಕ್ಷಮೆ ಕೇಳಿ, ಆ ಗುರುವಾರವನ್ನು ಡೈರಿಯಿಂದ ಹೊಡೆದುಹಾಕಿದರು. ಬೇರೆ ದಿನ ಅವರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮಗ್ಗದ ಗುಂಡಿಗೆ ಎಂದೂ ಕಾಲಿಳಿಬಿಡದ ನಾನು ಹುಟ್ಟಿದಮೇಲೆ ಆಚರಿಸಿದ ಮೊದಲ ಅಮಾವಾಸ್ಯೆ ಅದು.